ಸಾಲಿನಲ್ಲಿ ಮೂರನೆಯ ಜಾಗ

ನಾನು ಮೂರು ಗಂಟೆಯ ಒಂದು ವಿಡಿಯೋ ಕ್ಯಾಸೆಟ್. ಉತ್ತರ ಭಾರತದ ಒಂದು ಕಾರ್ಖಾನೆಯಲ್ಲಿ ನನ್ನನ್ನು ಜೋಡಿಸಿದರು. ಕಪ್ಪು ಪ್ಲಾಸ್ಟಿಕ್ಕಿನ ಎರಡು ಚಿಪ್ಪು, ಅವನ್ನು ಹಿಡಿದಿಡಲು ಐದು ತಿರುಪು, ಒಳಗೆ ಎರಡು ಸುರುಳಿ, ಅರ್ಧ ಇಂಚು ಅಗಲದ ಕಂದು ಟೇಪು. ಹುಟ್ಟಿದಾಗ ನನ್ನೊಳಗೆ ಏನೂ ಇರಲಿಲ್ಲ. ಖಾಲಿ ಕ್ಯಾಸೆಟ್ಟಿಗೆ ಯಾರ ಮೇಲೂ ಹೊಟ್ಟೆಕಿಚ್ಚಿರುವುದಿಲ್ಲ. ನನಗೆ ಅದು ಶುರುವಾದದ್ದು ಭದ್ರಾವತಿಗೆ ಬಂದ ಮೇಲೆ.

ನನ್ನನ್ನು ಕೊಂಡವರು ಪಾಲಾಕ್ಷಪ್ಪ. ಭದ್ರಾವತಿಯ ಕಾರ್ಖಾನೆಯ ಪವರ್ ಹೌಸಿನಲ್ಲಿ ಆಪರೇಟರ್. ಮೀಟರಿನ ಮುಳ್ಳು ನೋಡಿ ಬರೆಯುವುದು ಅವರ ಕೆಲಸ. ಮುಳ್ಳು ಎಲ್ಲಿದೆಯೋ ಅಲ್ಲಿದೆ ಎಂದು ಬರೆಯಬೇಕು. ಎಲ್ಲಿರಬೇಕಿತ್ತೋ ಅಲ್ಲಿದೆ ಎಂದು ಬರೆಯಬಾರದು. ಮನೆಯಲ್ಲೂ ಅವರು ಹಾಗೆಯೇ ಇದ್ದರು. ಹೆಂಡತಿ "ಹತ್ತು ಜನ ಬಂದಿದ್ರು" ಎಂದರೆ "ಎಂಟು" ಎನ್ನುತ್ತಿದ್ದರು.

ಅವರಿಗಿದ್ದ ಹುಚ್ಚು ಒಂದೇ, ಒಂದು ಇಂಗ್ಲಿಷ್ ಸಿನಿಮಾ. ಒಂದು ಎನ್ನುವುದು ಪೂರ್ತಿ ಸರಿಯಲ್ಲ. ಅದು ನಾಲ್ಕು ಭಾಗಗಳಲ್ಲಿ ಬಂದ ಒಂದೇ ಕಥೆ. ಸೂರ್ಯ ಮಂಕಾಗುತ್ತಿರುವ ಒಂದು ಗ್ರಹದಿಂದ ಜನರನ್ನು ತುಂಬಿಕೊಂಡು ಹಡಗೊಂದು ಹೊರಡುತ್ತದೆ, ಬದುಕಲು ನೆಲ ಹುಡುಕುತ್ತ ನಕ್ಷತ್ರಗಳ ನಡುವೆ ಅಲೆಯುತ್ತದೆ. ಇಂಗ್ಲಿಷಿನಲ್ಲಿ ಅದಕ್ಕೆ ಉದ್ದನೆಯ ಹೆಸರಿತ್ತು. ಕಾರ್ಖಾನೆಯ ಕ್ವಾರ್ಟರ್ಸಿನ ಜನ ಅದನ್ನು ಹಡಗಿನ ಪಿಚ್ಚರ್ ಎಂದೇ ಕರೆಯುತ್ತಿದ್ದರು.

ನಾನು ಆ ಮನೆಗೆ ಬಂದಾಗ ಹಜಾರದ ಶೋಕೇಸಿನಲ್ಲಿ ಮೂರು ಕ್ಯಾಸೆಟ್ಟುಗಳು ಆಗಲೇ ನಿಂತಿದ್ದವು. ಒಂದನೆಯ ಭಾಗ, ಎರಡನೆಯ ಭಾಗ, ನಾಲ್ಕನೆಯ ಭಾಗ. ಮೂರೂ ಸಿಂಗಾಪುರದಿಂದ ಬಂದವು, ಕಂಪನಿಯೇ ಅಚ್ಚು ಹಾಕಿಸಿದವು. ಹೊಳೆಯುವ ರಟ್ಟಿನ ಹೊದಿಕೆ, ಅದರ ಮೇಲೆ ಹಡಗು, ಹಿಂದೆ ಚಿನ್ನದ ಬಣ್ಣದ ಅಕ್ಷರ. ಎರಡಕ್ಕೂ ನಾಲ್ಕಕ್ಕೂ ನಡುವೆ ಪಾಲಾಕ್ಷಪ್ಪ ಒಂದು ಕ್ಯಾಸೆಟ್ಟಿನಷ್ಟು ಜಾಗ ಖಾಲಿ ಬಿಟ್ಟಿದ್ದರು. ಮೂರನೆಯ ಭಾಗ ಅವರಿಗೆ ಎಲ್ಲೂ ಸಿಕ್ಕಿರಲಿಲ್ಲ. ಬಂದವರೆಲ್ಲ ಮೊದಲು ಆ ಕಿಂಡಿಯನ್ನೇ ನೋಡುತ್ತಿದ್ದರು. ಅದು ನನಗಾಗಿಯೇ ಬಿಟ್ಟ ಜಾಗ ಎಂದು ನಾನು ತಿಳಿದೆ.

ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಹಡಗಿನ ಪಿಚ್ಚರ್ ಹಾಕುವುದು, ಅಕ್ಕಪಕ್ಕದವರು ಬಂದು ಚಾಪೆಯ ಮೇಲೆ ಕೂರುವುದು. ಇಂಗ್ಲಿಷ್ ತಿಳಿಯುತ್ತಿದ್ದದ್ದು ಪಾಲಾಕ್ಷಪ್ಪನವರಿಗೆ, ಅಷ್ಟಿಷ್ಟು ಅವರ ಹೆಂಡತಿ ಮಂಗಳಮ್ಮನಿಗೆ. ಮಂಗಳಮ್ಮ ಪಿಚ್ಚರ್ ನಡೆಯುತ್ತಿರುವಾಗಲೇ ಕಥೆಯನ್ನು ಕನ್ನಡದಲ್ಲಿ ಹೇಳುತ್ತಾ ಹೋಗುತ್ತಿದ್ದರು. ಪಾತ್ರಗಳಿಗೆ ಅವರದೇ ಹೆಸರು. ಕ್ಯಾಪ್ಟನ್ ಗಡ್ಡಪ್ಪ. ಹಡಗು ನಡೆಸುವ ಹುಡುಗಿ ಚುಕ್ಕಿ. ತಗಡಿನ ಯಂತ್ರಮನುಷ್ಯ ಡಬ್ಬಣ್ಣ. ಅತ್ತೆ ಹಾಲಮ್ಮನಿಗೆ ಡಬ್ಬಣ್ಣನ ಮೇಲೆ ಬಹಳ ಪ್ರೀತಿ. ಎದುರು ಮನೆಯ ಸೆಲ್ವಿಯಕ್ಕ ಹಪ್ಪಳದ ಹಿಟ್ಟನ್ನು ಮಡಿಲಲ್ಲಿಟ್ಟುಕೊಂಡೇ ಬರುತ್ತಿದ್ದರು.

ಜನ ಬರುತ್ತಿದ್ದದ್ದು ಕ್ಯಾಸೆಟ್ ನೋಡಲಿಕ್ಕೋ ಮಂಗಳಮ್ಮನನ್ನು ಕೇಳಲಿಕ್ಕೋ ಎಂಬ ಪ್ರಶ್ನೆ ಪಾಲಾಕ್ಷಪ್ಪನವರನ್ನು ಕಾಡುತ್ತಿತ್ತು. "ಅವನು ಹಂಗಂದಿಲ್ಲ" ಎಂದು ನಡುನಡುವೆ ತಿದ್ದುತ್ತಿದ್ದರು. ಯಾರೂ ಅವರ ಕಡೆ ತಿರುಗುತ್ತಿರಲಿಲ್ಲ. ಕ್ಯಾಸೆಟ್ ಅವರದು, ಯಂತ್ರ ಅವರದು, ನಗು ಮಾತ್ರ ಹೆಂಡತಿಗೆ. ಹೊಟ್ಟೆಕಿಚ್ಚು ಹೇಗಿರುತ್ತದೆ ಎಂದು ನಾನು ಮೊದಲು ನೋಡಿದ್ದು ಅವರ ಮುಖದಲ್ಲಿ.

ಒಂದು ಭಾನುವಾರ ಶಿವಮೊಗ್ಗದ ವಿಡಿಯೋ ಲೈಬ್ರರಿಯೊಂದರಿಂದ ಮೂರನೆಯ ಭಾಗ ಒಂದು ದಿನದ ಬಾಡಿಗೆಗೆ ಸಿಕ್ಕಿತು. ಅದನ್ನು ನನ್ನೊಳಗೆ ಇಳಿಸಿಕೊಳ್ಳಬೇಕು, ಸಂಜೆ ಕ್ಯಾಸೆಟ್ ಹಿಂದಿರುಗಿಸಬೇಕು. ಪಾಲಾಕ್ಷಪ್ಪ ಗೆಳೆಯರ ಮನೆಯಿಂದ ಇನ್ನೊಂದು ವಿಸಿಆರ್ ತಂದು ಎರಡಕ್ಕೂ ವೈರು ಹಾಕಿದರು. ಚಿತ್ರದ ವೈರು ಸರಿಯಿತ್ತು. ಧ್ವನಿಯ ವೈರು ಪಿನ್ನಿನ ಬಳಿ ತುಂಡಾಗಿತ್ತು. ಭಾನುವಾರ, ಅಂಗಡಿಗಳಿಗೆ ಬಾಗಿಲು. ಅವರು ಸ್ವಲ್ಪ ಯೋಚಿಸಿ ಟೇಪ್ ರೆಕಾರ್ಡರಿನ ಮೈಕನ್ನು ತಂದು ವಿಸಿಆರಿಗೆ ಚುಚ್ಚಿ, ಟೀವಿಯ ಸ್ಪೀಕರಿನ ಪಕ್ಕ ಒಂದು ಲೋಟಕ್ಕೆ ಒರಗಿಸಿ ನಿಲ್ಲಿಸಿದರು. ಟೀವಿಯಿಂದ ಬರುವ ಧ್ವನಿಯನ್ನು ಮೈಕು ಹಿಡಿಯುತ್ತದೆ, ಮೈಕು ಹಿಡಿದದ್ದು ನನ್ನೊಳಗೆ ಇಳಿಯುತ್ತದೆ. ಲೆಕ್ಕ ಸರಿಯಾಗಿಯೇ ಇತ್ತು.

ಅಷ್ಟರಲ್ಲಿ ಸೆಕೆಂಡ್ ಶಿಫ್ಟಿನ ಸೈರನ್ ಆಯಿತು.

"ಮಂಗಳಾ, ಈ ಎರಡು ಗುಂಡಿ ಒಟ್ಟಿಗೆ ಒತ್ತು. ಆಮೇಲೆ ಮುಟ್ಟಬೇಡ" ಎಂದು ಹೇಳಿ ಸೈಕಲ್ ಹತ್ತಿದರು. ಮಾತಾಡಬೇಡ ಎಂದು ಹೇಳಲಿಲ್ಲ. ಮೈಕು ಏನು ಮಾಡುತ್ತದೆ ಎಂದೂ ಹೇಳಲಿಲ್ಲ. ತಮಗೆ ಗೊತ್ತಿದ್ದದ್ದು ಎಲ್ಲರಿಗೂ ಗೊತ್ತಿರುತ್ತದೆ ಎಂದು ಅವರು ಸಾಮಾನ್ಯವಾಗಿ ತಿಳಿಯುತ್ತಿದ್ದರು.

ಮಂಗಳಮ್ಮ ಗುಂಡಿ ಒತ್ತಿದರು. ಭಾನುವಾರವಾದ್ದರಿಂದ ಜನ ಬಂದು ಕೂತರು. ಹಾಲಮ್ಮ ಎಂದಿನಂತೆ ಕೇಳಿದರು: "ಏನಂದ್ನೇ ಅವ್ನು?" ಮಂಗಳಮ್ಮ ಎಂದಿನಂತೆ ಹೇಳಿದರು.

ನಾನು ತುಂಬಿಕೊಂಡದ್ದು ಹೀಗೆ. ಚಿತ್ರ ಇಂಗ್ಲಿಷ್ ಸಿನಿಮಾದ್ದು. ಧ್ವನಿಯಲ್ಲಿ ಇಂಗ್ಲಿಷ್ ಹಿಂದೆಲ್ಲೋ ಗೊಣಗುತ್ತದೆ. ಮುಂದೆ ಮಂಗಳಮ್ಮ, ಹಾಲಮ್ಮನ ಪ್ರಶ್ನೆ, ಸೆಲ್ವಿಯಕ್ಕನ ನಗು, ಒಂದು ಕಡೆ ಕುಕ್ಕರಿನ ಸೀಟಿ. ಕೊನೆಯಲ್ಲಿ ಹಡಗು ಹಿಮದ ಗ್ರಹದಲ್ಲಿ ಸಿಕ್ಕಿಕೊಂಡಾಗ ಡಬ್ಬಣ್ಣ ತನ್ನ ಎದೆಯ ಬ್ಯಾಟರಿ ಕಿತ್ತು ಇಂಜಿನ್ನಿಗೆ ಕೊಡುತ್ತಾನೆ. ಅವನ ಕಣ್ಣಿನ ದೀಪ ಆರುತ್ತದೆ. ಆಗ ಹಾಲಮ್ಮ ಅಳುವುದು ನನ್ನಲ್ಲಿ ಸ್ಪಷ್ಟವಾಗಿದೆ. ಮಂಗಳಮ್ಮ "ಮಲಗಿದಾನೆ ಅತ್ತೆ. ಸುಸ್ತಾಗಿದೆ. ಬೆಳಿಗ್ಗೆ ಏಳ್ತಾನೆ" ಎನ್ನುವುದೂ ಸ್ಪಷ್ಟವಾಗಿದೆ.

ಮರುದಿನ ಪಾಲಾಕ್ಷಪ್ಪ ನನ್ನನ್ನು ಹಾಕಿ ನೋಡಿದರು. ಅಷ್ಟು ಹೊತ್ತಿಗೆ ಬಾಡಿಗೆ ಕ್ಯಾಸೆಟ್ ನೆರೆಯವರ ಕೈಯಲ್ಲಿ ಶಿವಮೊಗ್ಗ ಸೇರಿತ್ತು.

"ಇದೇನೇ ಇದು?"

"ಪಿಚ್ಚರು."

"ಪಿಚ್ಚರಲ್ಲ. ಇದು ನೀನು."

"ಅತ್ತೆ ಕೇಳಿದ್ರು, ಹೇಳ್ದೆ."

ಅವರು ನನ್ನನ್ನು ಮುಂದೆ ಓಡಿಸಿ ಕೊನೆಯ ಭಾಗ ಹಾಕಿದರು. "ಮಲಗಿದಾನೆ ಅಂದಿದೀಯ. ಅದು ಸತ್ತಿದೆ ಕಣೇ. ನಾಲ್ಕನೇ ಭಾಗದಲ್ಲಿ ಅದು ಬರೋದೇ ಇಲ್ಲ."

"ಅತ್ತೆ ಅಳ್ತಿದ್ರು ರೀ."

"ಅದಕ್ಕೆ ಸುಳ್ಳು ಹೇಳ್ತೀಯ? ಸಾಕು. ಇನ್ಮೇಲೆ ಪಿಚ್ಚರ್ ನಡೆಯುವಾಗ ಯಾರೂ ಬಾಯಿ ಬಿಡೋ ಹಾಗಿಲ್ಲ."

"ಆಯ್ತು" ಎಂದರು ಮಂಗಳಮ್ಮ. ಅವರು ಆಯ್ತು ಎಂದರೆ ಆಯ್ತು ಎಂದೇ ಅರ್ಥ. ಮುಂದಿನ ಭಾನುವಾರ ಪಿಚ್ಚರ್ ಹಾಕಿದಾಗ ಅವರು ಅಡುಗೆಮನೆಯಲ್ಲಿ ಅವರೆಕಾಳು ಹಿಚುಕುತ್ತಾ ಕೂತರು.

ನನ್ನ ಮೇಲೆ ಕ್ರಿಕೆಟ್ ಮ್ಯಾಚು ರೆಕಾರ್ಡ್ ಮಾಡಿಕೊಳ್ಳುವುದೆಂದು ಪಾಲಾಕ್ಷಪ್ಪ ತೀರ್ಮಾನಿಸಿದ್ದರು. ಅವರು ಶಿಫ್ಟಿಗೆ ಹೋದಾಗ ಮಂಗಳಮ್ಮ ತಲೆಯಿಂದ ಹೇರ್‌ಪಿನ್ ತೆಗೆದು, ನನ್ನ ಬೆನ್ನಿನ ಮೂಲೆಯಲ್ಲಿರುವ ಪುಟ್ಟ ಪ್ಲಾಸ್ಟಿಕ್ ತುಂಡನ್ನು ಮೀಟಿ ಮುರಿದರು. ಅದು ಮುರಿದರೆ ಯಂತ್ರ ನನ್ನ ಮೇಲೆ ಬೇರೇನನ್ನೂ ಬರೆಯುವುದಿಲ್ಲ. ಮುರಿದ ಜಾಗಕ್ಕೆ ಸೆಲೋಟೇಪ್ ಅಂಟಿಸಿದರೆ ಮತ್ತೆ ಬರೆಯುತ್ತದೆ. ಅದು ಪಾಲಾಕ್ಷಪ್ಪನವರಿಗೆ ಗೊತ್ತಿತ್ತು. ಅವರು ತೂತನ್ನು ಬೆರಳಿನಿಂದ ಮುಟ್ಟಿ ನೋಡಿದರು. ಮ್ಯಾಚಿಗೆ ಬೇರೆ ಕ್ಯಾಸೆಟ್ ತಂದರು.

ಆದರೆ ಸಾಲಿನಲ್ಲಿ ನನಗೆ ಜಾಗ ಕೊಡಲಿಲ್ಲ. ಬೆನ್ನಿನ ಮೇಲೆ "ಕಾಪಿ" ಎಂದು ಬರೆದು ಬೀರುವಿನ ಮೇಲೆ ಅಡ್ಡ ಮಲಗಿಸಿದರು. ಹಳೆಯ ಕ್ಯಾಲೆಂಡರಿನ ಹಾಳೆಯಿಂದ ನನಗೊಂದು ಹೊದಿಕೆ ಮಾಡಿದವರು ಮಂಗಳಮ್ಮ. ಅದರ ಒಂದು ಬದಿಯಲ್ಲಿ ಆಷಾಢ ಮಾಸ, ಇನ್ನೊಂದು ಬದಿಯಲ್ಲಿ ಗೊಬ್ಬರದ ಜಾಹೀರಾತು.

ಬೀರುವಿನ ಮೇಲಿಂದ ಶೋಕೇಸು ಚೆನ್ನಾಗಿ ಕಾಣುತ್ತದೆ. ಅದು ನನ್ನ ದುರದೃಷ್ಟ. ಪ್ರತಿ ಶನಿವಾರ ಪಾಲಾಕ್ಷಪ್ಪ ಹಳೆಯ ಬನಿಯನ್ ಬಟ್ಟೆ ಹಿಡಿದು ಆ ಮೂರನ್ನೂ ಒರೆಸುತ್ತಿದ್ದರು. ಮೂಲೆಗಳಿಗೆ ನುಸಿಗುಳಿಗೆ ಇಡುತ್ತಿದ್ದರು. ನೆಂಟರು ಬಂದರೆ ಒಂದೊಂದನ್ನೇ ತೆಗೆದು "ಇದು ಅಸಲಿ" ಎಂದು ಕೈಗೆ ಕೊಡುತ್ತಿದ್ದರು. ನೆಂಟರು ಅದನ್ನು ಮಗುವನ್ನು ಹಿಡಿದಂತೆ ಹಿಡಿದು ವಾಪಸು ಕೊಡುತ್ತಿದ್ದರು. ನನ್ನ ಮೇಲೆ ಧೂಳು ಕೂರುತ್ತಿತ್ತು. ಆ ಖಾಲಿ ಕಿಂಡಿ ಮಾತ್ರ ಹಾಗೇ ಇತ್ತು. ಅದನ್ನು ಗಾಳಿಗೆ ಬಿಟ್ಟುಕೊಟ್ಟಾರು, ನನಗೆ ಕೊಡರು.

ಭಾನುವಾರದ ಜನ ಕಡಿಮೆಯಾದರು. ಸೆಲ್ವಿಯಕ್ಕ ಹಪ್ಪಳಕ್ಕೆ ತಮ್ಮ ಜಗಲಿಯೇ ಅನುಕೂಲ ಎಂದರು. ಹಾಲಮ್ಮ ಕುರ್ಚಿಯಲ್ಲಿ ಕೂತು ಪರದೆಯನ್ನು ಸ್ವಲ್ಪ ಹೊತ್ತು ನೋಡಿ ಎದ್ದುಬಿಡುತ್ತಿದ್ದರು.

"ಯಾಕವ್ವ, ಕೂತ್ಕೋ."

"ಅವ್ಳು ಹೇಳಲ್ಲ ಅಂದ್ಮೇಲೆ ನಂಗೆ ಇದು ಬರೀ ಬೆಳಕು ಕಣಪ್ಪ."

ಆದರೆ ಮಗ ಶಿಫ್ಟಿಗೆ ಹೋದ ಮಧ್ಯಾಹ್ನಗಳಲ್ಲಿ ಹಾಲಮ್ಮ ನನ್ನನ್ನು ಕೇಳುತ್ತಿದ್ದರು. "ಆ ಕ್ಯಾಲೆಂಡರಿಂದು ಹಾಕೇ." ಮಂಗಳಮ್ಮ ನನ್ನನ್ನು ಇಳಿಸಿ ಯಂತ್ರಕ್ಕೆ ಹಾಕಿ ಒಳಗೆ ಹೋಗಿಬಿಡುತ್ತಿದ್ದರು. "ನೀನೇ ಬಂದು ಹೇಳಬಾರ್ದಾ?" ಎಂದರೆ "ಹೇಳಿದೀನಲ್ಲ ಅತ್ತೆ, ಅದರಲ್ಲೇ ಇದೆ" ಎನ್ನುತ್ತಿದ್ದರು.

ಅವು ನನ್ನ ಒಳ್ಳೆಯ ದಿನಗಳು. ಅಸಲಿಗಳಿಗೆ ಚಿನ್ನದ ಅಕ್ಷರವಿತ್ತು, ಒರೆಸುವ ಬಟ್ಟೆಯಿತ್ತು. ಮಂಗಳಮ್ಮನ ಕಥೆ ಉಳಿದದ್ದು ನನ್ನಲ್ಲಿ ಮಾತ್ರ. ಅವರು ಸುಮ್ಮನಿದ್ದಷ್ಟು ದಿನ ನನಗೆ ಬೆಲೆ. ಅವರು ಸುಮ್ಮನೆಯೇ ಇರಲಿ ಎಂದು ನಾನು ಬಯಸಿದೆ. ಬೀರುವಿನ ಮೇಲೆ ಅಡ್ಡ ಬಿದ್ದವರು ಬೇರೇನನ್ನು ಬಯಸುತ್ತಾರೆ?

ಹೀಗಿರುವಾಗ ಅದು ಬಂತು. ಪವರ್ ಹೌಸಿನ ಇಂಜಿನಿಯರೊಬ್ಬರ ಬಾವಮೈದ ಅಮೆರಿಕದಿಂದ ಬರುವಾಗ ಮೂರನೆಯ ಭಾಗದ ಅಸಲಿ ಕ್ಯಾಸೆಟ್ ತಂದರು. ಹೊದಿಕೆಯ ಮೇಲೆ ನೀಲಿ ಹಿಮ, ಅದರ ನಡುವೆ ಹಡಗು. ಪಾಲಾಕ್ಷಪ್ಪ ಸ್ನಾನ ಮಾಡಿ ಬಂದು ಅದನ್ನು ಕಿಂಡಿಯಲ್ಲಿ ಇಟ್ಟರು. ಕೂದಲೆಳೆಯೂ ಹೋಗದಂತೆ ಕೂತಿತು. ಸಾಲು ತುಂಬಿತು. ಅವರು ಹಿಂದಕ್ಕೆ ಸರಿದು ನಿಂತು ನೋಡಿದ ರೀತಿಯನ್ನು ನಾನು ಮರೆತಿಲ್ಲ. ಅಂಥ ನೋಟ ನನ್ನ ಮೇಲೆ ಒಂದು ದಿನವೂ ಬಿದ್ದಿರಲಿಲ್ಲ.

ಭಾನುವಾರ ಎಲ್ಲರನ್ನೂ ಕರೆದರು. ಮೂರು ಮತ್ತು ನಾಲ್ಕು ಒಂದೇ ದಿನ. ಸೆಲ್ವಿಯಕ್ಕನೂ ಬಂದರು. ಮಂಗಳಮ್ಮ ಎಲ್ಲರಿಗೂ ಮಂಡಕ್ಕಿ ಕೊಟ್ಟು ಅಡುಗೆಮನೆಗೆ ಹೋದರು.

ಕ್ಯಾಸೆಟ್ ಒಳಗೆ ಹೋಯಿತು. ಪರದೆಯ ಮೇಲೆ ಬಂದದ್ದು ಕಪ್ಪುಬಿಳುಪು ಪಟ್ಟೆಗಳು. ಚಿತ್ರ ಹರಿದ ಬಟ್ಟೆಯಂತೆ ಅಡ್ಡಡ್ಡ ಸೀಳಿಕೊಂಡು ಮೇಲಕ್ಕೆ ಉರುಳುತ್ತಿತ್ತು. ಧ್ವನಿ ಬಾವಿಯೊಳಗಿಂದ ಬಂದಂತೆ ಎಳೆದೆಳೆದು ಬಂತು. ಪಾಲಾಕ್ಷಪ್ಪ ಗುಂಡಿ ತಿರುಗಿಸಿದರು, ಯಂತ್ರದ ತಲೆ ಒರೆಸಿದರು, ಮತ್ತೆ ಹಾಕಿದರು. ಅಮೆರಿಕದ ಕ್ಯಾಸೆಟ್ಟುಗಳ ಪದ್ಧತಿ ಬೇರೆ, ನಮ್ಮ ದೇಶದ ಯಂತ್ರ ಅವನ್ನು ಓದಲಾರದು ಎಂದು ಟೀವಿ ರಿಪೇರಿಯವರು ತಿಳಿಸಿದ್ದು ಆಮೇಲೆ. ಆ ಮಧ್ಯಾಹ್ನ ಯಾರಿಗೂ ಏನೂ ತಿಳಿಯಲಿಲ್ಲ.

"ಅಸಲಿನೇ ಹಿಂಗಾ ಅಣ್ಣ?" ಎಂದು ಸೆಲ್ವಿಯಕ್ಕ ಕೇಳಿದರು.

"ಅದನ್ನ ತೆಗೆದು ನಮ್ಮ ಮಂಗಳಾದು ಹಾಕಪ್ಪ" ಎಂದರು ಹಾಲಮ್ಮ.

ಎಲ್ಲರೂ ಅದನ್ನೇ ಹೇಳಿದರು. ಪಾಲಾಕ್ಷಪ್ಪ ಬೇರೆ ದಾರಿ ಕಾಣದೆ ನನ್ನನ್ನು ಇಳಿಸಿದರು. ಕ್ಯಾಲೆಂಡರ್ ಹಾಳೆ ಸರಿಸಿ, ಧೂಳು ಊದಿ, ಒಳಗೆ ತಳ್ಳಿದರು.

ನನ್ನನ್ನು ಮೊದಲಿನಿಂದ ಕೊನೆಯವರೆಗೆ ಅವರು ಕೇಳಿದ್ದು ಅದೇ ಮೊದಲು. ಜನ ನಗುವ ಕಡೆ ನಕ್ಕರು. ಕೆಲವು ಕಡೆ ಕ್ಯಾಸೆಟ್ಟಿನೊಳಗಿನ ತಮ್ಮದೇ ನಗುವಿನ ಜೊತೆ ನಕ್ಕರು. ಗಡ್ಡಪ್ಪ ಹಡಗಿನ ನಕ್ಷೆಯ ಗಾಜನ್ನು ಒರೆಸುತ್ತಾ ಕೂತಿರುವ ಒಂದು ಜಾಗವಿದೆ. ಅಲ್ಲಿ ನನ್ನೊಳಗಿನ ಸೆಲ್ವಿಯಕ್ಕ ಕೇಳುತ್ತಾರೆ: "ಯಾಕಕ್ಕಾ ಅವ್ರು ಗಾಜೇ ಒರೆಸ್ತಾ ಕೂತಿದಾರೆ? ಜನ ಹಸ್ಕೊಂಡಿದಾರಲ್ಲ?" ನನ್ನೊಳಗಿನ ಮಂಗಳಮ್ಮ ಹೇಳುತ್ತಾರೆ: "ಹಡಗು ಮುಖ್ಯನೋ ಒಳಗಿರೋರು ಮುಖ್ಯನೋ ಅಂತ ಅವ್ರಿಗೆ ಇನ್ನೂ ತೀರ್ಮಾನ ಆಗಿಲ್ಲ. ನಮ್ಮನೇಲೂ ಒಬ್ರಿದಾರೆ, ಶನಿವಾರ ಬಂದು ನೋಡಿ."

ಹಜಾರದಲ್ಲಿ ಎಲ್ಲರೂ ನಕ್ಕು, ನಗುತ್ತಲೇ ಪಾಲಾಕ್ಷಪ್ಪನವರ ಕಡೆ ನೋಡಿ, ತಟಕ್ಕನೆ ನಿಲ್ಲಿಸಿದರು. ಅವರು ನಗಲಿಲ್ಲ. ಎದ್ದೂ ಹೋಗಲಿಲ್ಲ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತ್ತು.

ನಾನು ಮುಗಿದ ಮೇಲೆ ನಾಲ್ಕನೆಯ ಭಾಗ ಹಾಕಿದರು. ಮಂಗಳಮ್ಮ ಬರಲಿಲ್ಲ. ಪಾಲಾಕ್ಷಪ್ಪ ಗಂಟಲು ಸರಿಮಾಡಿಕೊಂಡು ತಾವೇ ಹೇಳಲು ಶುರುಮಾಡಿದರು. "ಇದು ನಾಲ್ಕನೇ ಭಾಗ. ಹಿಂದಿನದು ಮುಗಿದು ಇದು ಶುರುವಾಗೋ ಹೊತ್ತಿಗೆ ಕಥೆಯಲ್ಲಿ ಒಂಬತ್ತು ವರ್ಷ ಆಗಿದೆ. ಹಡಗಿನ ಎಡಗಡೆ ಇಂಜಿನ್ನು..."

"ಡಬ್ಬಣ್ಣ ಎಲ್ಲಪ್ಪ?" ಎಂದರು ಹಾಲಮ್ಮ.

ಪಾಲಾಕ್ಷಪ್ಪ ನಿಲ್ಲಿಸಿದರು. ಮುಳ್ಳು ಎಲ್ಲಿದೆ ಎಂದು ಅವರಿಗೆ ಗೊತ್ತಿತ್ತು. ತಾಯಿ ಅವರ ಮುಖವನ್ನೇ ನೋಡುತ್ತಿದ್ದರು.

"ಬೆಳಿಗ್ಗೆ ಏಳ್ತಾನೆ ಅಂದಿದ್ಲಲ್ಲ."

"ಮಂಗಳಾ" ಎಂದು ಕರೆದರು ಅವರು. "ಬಾರೇ ಇಲ್ಲಿ. ಅವ್ವ ಕೇಳ್ತಿದಾಳೆ."

ಮಂಗಳಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದರು. "ನೀವೇ ಹೇಳಿ. ನಿಮಗೆ ಗೊತ್ತಲ್ಲ."

"ನಂಗೆ ಗೊತ್ತಿರೋದು ಅವಳಿಗೆ ಬೇಡ."

ಸೆಲ್ವಿಯಕ್ಕ ಚಾಪೆಯ ಮೇಲೆ ಜಾಗ ಬಿಟ್ಟುಕೊಟ್ಟರು. ಮಂಗಳಮ್ಮ ಬಂದು ಕೂತು, ಪರದೆ ನೋಡಿ ಹೇಳಿದರು: "ಹಡಗು ದೊಡ್ಡದು ಅತ್ತೆ. ಇದು ಮುಂದಿನ ರೂಮು. ಡಬ್ಬಣ್ಣ ಹಿಂದುಗಡೆ ಇಂಜಿನ್ ಹತ್ರ ಇದಾನೆ. ಅವನಿಗೆ ಸೆಕೆಂಡ್ ಶಿಫ್ಟು."

"ಹಂಗನ್ನು" ಎಂದು ಹಾಲಮ್ಮ ಕುರ್ಚಿಗೆ ಒರಗಿದರು.

ಪಾಲಾಕ್ಷಪ್ಪ ತಿದ್ದಲಿಲ್ಲ.

ಹಜಾರಕ್ಕೆ ಅದು ಒಳ್ಳೆಯ ದಿನ. ನನ್ನ ಪಾಲಿಗೆ ಅದಕ್ಕಿಂತ ಕೆಟ್ಟ ದಿನ ಇರಲಿಲ್ಲ. ಹೊಳೆಯುವ ಹೊದಿಕೆ ಮೊದಲೇ ಅಸಲಿಗಳದಾಗಿತ್ತು. ಈಗ ಮಂಗಳಮ್ಮನ ದನಿಯೂ ಅವುಗಳ ಪಾಲಾಯಿತು. ಹಾಲಮ್ಮ ಮತ್ತೆ ನನ್ನನ್ನು ಕೇಳಲಿಲ್ಲ. ಕೇಳಬೇಕಾದ ದನಿ ಪಕ್ಕದಲ್ಲೇ ಕೂತು ಹೇಳುತ್ತಿತ್ತು. ಮಾತು ಬಾರದ ಆ ಅಮೆರಿಕದ ಕ್ಯಾಸೆಟ್ಟಿಗೂ ಶನಿವಾರದ ಬಟ್ಟೆ ತಪ್ಪಲಿಲ್ಲ. ನಾನು ಆಷಾಢ ಮಾಸ ಹೊದ್ದುಕೊಂಡು ಮತ್ತೆ ಅಡ್ಡ ಮಲಗಿದೆ.

ಮುಂದೆ ಹಾಲಮ್ಮ ತೀರಿಕೊಂಡರು. ಅದಾದ ಮೇಲೆ ಒಂದು ರಜೆಯ ದಿನ ಪಾಲಾಕ್ಷಪ್ಪ ಒಬ್ಬರೇ ಇದ್ದಾಗ ನನ್ನನ್ನು ಹಾಕಿದರು. "ಏನಂದ್ನೇ ಅವ್ನು?" ಎಂಬ ಕಡೆ ನಿಲ್ಲಿಸಿ, ಹಿಂದಕ್ಕೆ ಸುತ್ತಿ, ಮತ್ತೆ ಕೇಳಿದರು. ಆಮೇಲೆ ಆಗಾಗ ಹಾಗೆ ಮಾಡುತ್ತಿದ್ದರು. ಅದು ನನಗೆ ಸಂದ ಗೌರವವೆಂದು ನಾನು ಎಣಿಸಲಿಲ್ಲ. ಅವರು ಕೇಳುತ್ತಿದ್ದದ್ದು ತಾಯಿಯನ್ನು. ನಾನು ಬರೀ ಬಾಗಿಲು.

ಕಾಲ ಬದಲಾಯಿತು. ನಾಲ್ಕೂ ಭಾಗಗಳು ಡಿವಿಡಿಯಲ್ಲಿ ಬಂದವು, ಪಾಲಾಕ್ಷಪ್ಪ ಕೊಂಡರು. ಆಮೇಲೆ ಇನ್ನೂ ಸ್ಪಷ್ಟವಾದ ಬ್ಲೂರೇ ಬಂತು, ಅದನ್ನೂ ಕೊಂಡರು. ಕ್ವಾರ್ಟರ್ಸ್ ಬಿಟ್ಟು ಅದೇ ಊರಿನ ಜನ್ನಾಪುರದ ಸ್ವಂತ ಮನೆಗೆ ಬಂದೆವು. ಬೀರು ಬಂತು, ಬೀರುವಿನ ಮೇಲೆ ನಾನೂ ಬಂದೆ. ಹಳೆಯ ಕ್ಯಾಸೆಟ್ ಕೂಡಿಡುವ ಹುಬ್ಬಳ್ಳಿಯ ಒಬ್ಬರು ಬಂದು ನಾಲ್ಕೂ ಅಸಲಿಗಳನ್ನು ಕೊಂಡುಹೋದರು. ಬಟ್ಟೆಯ ಚೀಲದಲ್ಲಿ ಹೋಗುವಾಗಲೂ ಅವು ಮೆರೆದೇ ಹೋದವು. ಹೊರಡುವ ಮೊದಲು ಅವರು ನನ್ನ ಕಡೆ ಕೈ ತೋರಿಸಿ "ಅದೇನ್ರೀ ಸರ?" ಎಂದರು. "ಕಾಪಿ" ಎಂದರು ಪಾಲಾಕ್ಷಪ್ಪ. ಹುಬ್ಬಳ್ಳಿಯವರು ಇನ್ನೊಮ್ಮೆ ನೋಡಲಿಲ್ಲ. ವಿಸಿಆರಿನ ಬೆಲ್ಟು ಆಗಲೇ ತುಂಡಾಗಿತ್ತು. ಹೊಸದು ಎಲ್ಲೂ ಸಿಗಲಿಲ್ಲ. ನನ್ನ ಟೇಪಿನ ಅಂಚಿಗೆ ಬಿಳಿ ಬೂಸು ಬಂದಿದೆ.

ಈಗ ಶೋಕೇಸಿನಲ್ಲಿ ಬ್ಲೂರೇಯ ನಾಲ್ಕು ತೆಳ್ಳನೆಯ ನೀಲಿ ಡಬ್ಬಿಗಳಿವೆ. ಅವುಗಳ ಮೇಲೂ ನನಗೆ ಹೊಟ್ಟೆಕಿಚ್ಚೇ. ಅವಕ್ಕೆ ಬೂಸು ಹಿಡಿಯುವುದಿಲ್ಲ, ಹಿಂದಕ್ಕೆ ಸುತ್ತುವ ಕಷ್ಟವಿಲ್ಲ, ಪರದೆಯ ಕೆಳಗೆ ಮಾತುಗಳ ಅಕ್ಷರಗಳೂ ಮೂಡುತ್ತವೆ.

ಕಳೆದ ಬೇಸಿಗೆ ರಜೆಯಲ್ಲಿ ಮೊಮ್ಮಗಳು ಇಳಾ ಚಿತ್ರದುರ್ಗದಿಂದ ಬಂದಿದ್ದಳು. ಮೂರನೆಯ ಭಾಗ ನಡೆಯುತ್ತಿತ್ತು. ಮಂಗಳಮ್ಮ ಹೇಳುತ್ತಿದ್ದರು. ಇಳಾ ಕೆಳಗಿನ ಅಕ್ಷರ ಓದುತ್ತಾ ಅಜ್ಜಿಯ ಮಾತನ್ನೂ ಕೇಳುತ್ತಿದ್ದಳು. ಎರಡಕ್ಕೂ ತಾಳೆಯಾಗದ ಕಡೆ ಅಜ್ಜಿಯ ಭುಜಕ್ಕೆ ತಿವಿಯುತ್ತಿದ್ದಳು. ಡಬ್ಬಣ್ಣನ ಕಣ್ಣಿನ ದೀಪ ಆರಿತು.

"ಅಜ್ಜಿ, ಸತ್ತೋದ್ನಾ?"

ಮಂಗಳಮ್ಮ ಅವಳ ಮುಖ ನೋಡಿದರು. ಓದು ಬರುವ ಮಗು. "ಹೂಂ ಕಣೇ. ಇದ್ದ ಬ್ಯಾಟರೀನೆಲ್ಲ ಹಡಗಿಗೆ ಕೊಟ್ಬಿಟ್ಟ."

"ಇಲ್ಲ" ಎಂದರು ಪಾಲಾಕ್ಷಪ್ಪ, ಕುರ್ಚಿಯಿಂದ. "ಮಲಗಿದಾನೆ."

ಮಂಗಳಮ್ಮ ತಿರುಗಿದರು. "ನೀವೇ ಅಲ್ವಾ ಸತ್ತಿದೆ ಅಂತ ನನ್ನ ಬಾಯಿ ಮುಚ್ಚಿಸಿದ್ದು?"

"ಕ್ಯಾಸೆಟ್ಟಲ್ಲಿ ಹಂಗಿಲ್ಲ. ಸುಸ್ತಾಗಿದೆ, ಬೆಳಿಗ್ಗೆ ಏಳ್ತಾನೆ ಅಂತಿದೆ. ಅದಾದ ಮೇಲೆ ಅವ್ವ ಮೂಗು ಸೀಟ್ತಾಳೆ. ನೀನು ಕಥೆ ಬದಲಾಯಿಸಬೇಡ."

"ಯಾವ ಕ್ಯಾಸೆಟ್ಟು ತಾತ?" ಎಂದಳು ಇಳಾ.

ಅವರು ಎದ್ದು ಬೀರುವಿನ ಮೇಲೆ ಕೈಯಾಡಿಸಿ ನನ್ನನ್ನು ಇಳಿಸಿದರು. ಕ್ಯಾಲೆಂಡರ್ ಹಾಳೆ ತೆಗೆದರು. ಶೋಕೇಸಿನ ಬಟ್ಟೆಯನ್ನು ತಂದು ನನ್ನ ಬೆನ್ನು, ಮೂಲೆ, ಹೇರ್‌ಪಿನ್ನಿನ ತೂತು ಎಲ್ಲವನ್ನೂ ಒರೆಸಿದರು. ಆಮೇಲೆ ಮೊಮ್ಮಗಳ ಎರಡೂ ಕೈಗೆ ಕೊಟ್ಟರು.

"ಇದು ಅಸಲಿ" ಎಂದರು.

ಇಳಾ ನನ್ನನ್ನು ಅಲ್ಲಾಡಿಸಿ, ಸುರುಳಿಯಲ್ಲಿ ಬೆರಳಿಟ್ಟು ನೋಡಿ, ಶೋಕೇಸಿನ ಸಾಲಿನಲ್ಲಿ ಎರಡರ ಪಕ್ಕಕ್ಕೆ ತೂರಿಸಲು ಹೋದಳು. ನಾನು ದಪ್ಪ, ಹಿಡಿಯಲಿಲ್ಲ.

"ತಾತ, ಜಾಗ ಇಲ್ಲ."

"ಆ ಮೂರನೇ ಡಬ್ಬಿ ತೆಗೆದು ಮೇಲಿಡು. ಅದು ಎಲ್ಲಿ ಬೇಕಾದ್ರೂ ಸಿಗುತ್ತೆ."

ಈಗ ನಾನು ಎರಡಕ್ಕೂ ನಾಲ್ಕಕ್ಕೂ ನಡುವೆ ನಿಂತಿದ್ದೇನೆ. ನನ್ನನ್ನು ಓದಬಲ್ಲ ಯಂತ್ರ ಈ ಮನೆಯಲ್ಲಿಲ್ಲ. ಶನಿವಾರ ಬಟ್ಟೆ ಬರುತ್ತದೆ. ಬೀರುವಿನ ಮೇಲೆ ಆ ನೀಲಿ ಡಬ್ಬಿ ಅಡ್ಡ ಮಲಗಿದೆ. ಅಲ್ಲಿಂದ ಶೋಕೇಸು ಎಷ್ಟು ಚೆನ್ನಾಗಿ ಕಾಣುತ್ತದೆ ಎಂದು ನನಗೆ ಗೊತ್ತು.